ಎರಡು ಹಾಳೆಗಳ ನಡುವಿನ ಮಳೆ

"ಸರಾಸರಿ ತಪ್ಪಾಗಿದೆ," ಎಂದರು ಅತ್ತಿಗೆ.

ನಾನು ಚಹಾದ ಲೋಟ ಕೆಳಗಿಟ್ಟೆ. ಅವರ ಊಟದ ಮೇಜಿನ ಮೇಲೆ ಎರಡು ಪಟ್ಟಿಗಳು ಪಕ್ಕಪಕ್ಕದಲ್ಲಿ ಬಿದ್ದಿದ್ದವು. ಎರಡರಲ್ಲೂ ಮೂವತ್ತೊಂದು ಸಾಲು, ವರ್ಷಕ್ಕೊಂದರಂತೆ. ಆ ವರ್ಷ ಒಂದೇ ಗಂಟೆಯಲ್ಲಿ ಸುರಿದ ಅತಿ ಹೆಚ್ಚು ಮಳೆ ಎಷ್ಟು ಮಿಲಿಮೀಟರ್ ಎಂಬ ಲೆಕ್ಕ. ಮೂವತ್ತು ಸಾಲು ಎರಡರಲ್ಲೂ ಒಂದೇ. ಹನ್ನೆರಡನೆಯದು ಮಾತ್ರ ಒಂದರಲ್ಲಿ ನಲವತ್ತೇಳು, ಇನ್ನೊಂದರಲ್ಲಿ ತೊಂಬತ್ತಮೂರು.

ನಮ್ಮ ಬೀದಿಯ ಹೊಲಿಗೆಯಮ್ಮನ ಮಗಳು ಜೈಲಿಗೆ ಹೋಗಬೇಕೋ ಮನೆಗೆ ಬರಬೇಕೋ ಎನ್ನುವುದು ಆ ಹನ್ನೆರಡನೆಯ ಸಾಲಿನ ಮೇಲೆ ನಿಂತಿತ್ತು. ಆ ಹುಡುಗಿ ಎಂಜಿನಿಯರ್. ರೈಲು ಹಳಿಯ ಕೆಳಗಿನ ಅಂಡರ್‌ಪಾಸಿಗೆ ಎಷ್ಟು ದೊಡ್ಡ ಮೋರಿ, ಎಷ್ಟು ದೊಡ್ಡ ಪಂಪು ಬೇಕೆಂದು ಲೆಕ್ಕ ಹಾಕಿದವಳು ಅವಳೇ. ಹೋದ ತಿಂಗಳು ಒಂದೇ ಗಂಟೆಯಲ್ಲಿ ಎಪ್ಪತ್ತಾರು ಮಿಲಿಮೀಟರ್ ಸುರಿದು ಅಂಡರ್‌ಪಾಸು ಮಾಡಿನವರೆಗೆ ತುಂಬಿತು. ಪಂಪು ಚಾಲೂ ಇಡಲು ಒಳಗೇ ನಿಂತಿದ್ದ ಪಂಪಿನವನು ಹೊರಗೆ ಬರಲಿಲ್ಲ.

ಅವಳ ಕಡತದಲ್ಲಿ ಸಿಕ್ಕಿದ ಪಟ್ಟಿಯಲ್ಲಿ ನಲವತ್ತೇಳು. ಮಳೆ ಕಚೇರಿಯ ಪಟ್ಟಿಯಲ್ಲಿ ತೊಂಬತ್ತಮೂರು. ಎರಡಕ್ಕೂ ಎಂಟು ವರ್ಷದ ಹಿಂದಿನ ಒಂದೇ ತಾರೀಖು. ಚಿಕ್ಕ ಪಂಪಿನಲ್ಲೇ ಕೆಲಸ ಮುಗಿಸಲು ಅವಳು ಸಂಖ್ಯೆ ತಿದ್ದಿದಳು ಎಂಬುದು ಆರೋಪ. ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕೊನೆಯ ವಿಚಾರಣೆ. ಅದಾದ ಮೇಲೆ ಪೊಲೀಸರ ಪಾಲು.

ನಾನು ಪೊಲೀಸು ಕೆಲಸ ಬಿಟ್ಟು ಮೂರು ವರ್ಷವಾಗಿದೆ. ಆದರೂ ಹೊಲಿಗೆಯಮ್ಮ ಬಾಗಿಲಿಗೆ ಬಂದು ನಿಂತಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಇಪ್ಪತ್ತು ವರ್ಷದಿಂದ ನನ್ನ ಅಂಗಿ ಹೊಲಿದವಳು. "ನನ್ನ ಮಗಳು ಬೇರೆ ಏನಾದ್ರೂ ತಪ್ಪು ಮಾಡಿರಬಹುದು ಅಣ್ಣಾ, ಅಳತೆ ಮಾತ್ರ ತಪ್ಪಲ್ಲ," ಎಂದಿದ್ದಳು. ನನ್ನ ಹೊಟ್ಟೆ ವರ್ಷವರ್ಷವೂ ಎಷ್ಟು ಬೆಳೆಯುತ್ತಿದೆ ಎಂದು ಟೇಪು ಹಿಡಿದು ತಿಳಿದವಳ ಮಾತಿಗೆ ಎದುರಾಡುವುದು ಹೇಗೆ?

"ಯಾವ ಪಟ್ಟೀಲಿ ತಪ್ಪಾಗಿದೆ ಅತ್ತಿಗೆ?"

"ಮಳೆ ಕಚೇರಿಯವರದ್ರಲ್ಲಿ. ಕೆಳಗೆ ಸರಾಸರಿ ಮೂವತ್ತಾರು ಅಂತ ಟೈಪ್ ಮಾಡಿದ್ದಾರೆ. ಕೂಡಿ ಭಾಗಿಸಿದ್ರೆ ಮೂವತ್ತೇಳೂವರೆ ಬರುತ್ತೆ. ಮೂವತ್ತಾರು ಬರೋದು ಆ ಸಾಲಲ್ಲಿ ನಲವತ್ತೇಳಿದ್ರೆ ಮಾತ್ರ."

"ಅಂದ್ರೆ ಮೊದಲು ನಲವತ್ತೇಳೇ ಇತ್ತು. ಆಮೇಲೆ ಯಾರೋ ಸಾಲು ಬದಲಾಯಿಸಿ, ಸರಾಸರಿ ತಿದ್ದೋದನ್ನ ಮರೆತ್ರು!"

"ಮರೆತ್ರೋ, ಬಿಟ್ರೋ. ಕುಣೀಬೇಡ. ಟೈಪ್ ಮಾಡೋವಾಗ ಕೈತಪ್ಪು ಆಯ್ತು ಅಂತಾರೆ ಅಷ್ಟೆ. ಆ ಪುಸ್ತಿಕೆ ಕೊಡು ಇಲ್ಲಿ."

ಅತ್ತಿಗೆ ಮೂವತ್ತೈದು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವರು. ಅಣ್ಣ ಹೋದ ಮೇಲೆ ಅವರ ಪಾಠ ಕೇಳಲು ಉಳಿದಿರುವವನು ನಾನೊಬ್ಬನೇ, ಅದೂ ದಡ್ಡ.

ನಾನು ಮಳೆ ಪುಸ್ತಿಕೆಯನ್ನು ಅವರ ಮುಂದೆ ತಳ್ಳಿದೆ. ಎಂಟು ವರ್ಷದ ಹಿಂದೆ ಮಳೆ ಕಚೇರಿಯೇ ಅಚ್ಚು ಹಾಕಿಸಿದ ತೆಳ್ಳನೆಯ ಪುಸ್ತಕ. ಎಷ್ಟು ಹೊತ್ತಿನ ಮಳೆ, ಎಷ್ಟು ಜೋರಿನ ಮಳೆ, ಎಷ್ಟು ವರ್ಷಕ್ಕೊಮ್ಮೆ ಎಂಬ ಕೋಷ್ಟಕ ಅದರಲ್ಲಿದೆ. ಊರಿನಲ್ಲಿ ಮೋರಿ ತೋಡುವವರೆಲ್ಲ ಅದನ್ನೇ ನಂಬಿಕೊಂಡು ತೋಡುತ್ತಾರೆ. ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಒಂದು ಗಂಟೆಯ ಮಳೆ ಅರವತ್ತನಾಲ್ಕು ಮಿಲಿಮೀಟರ್ ಎಂದು ಅದರಲ್ಲಿತ್ತು. ಹುಡುಗಿ ಪಂಪು ಆರಿಸಿದ್ದು ಅದರಂತೆಯೇ. ಆದರೆ ಅಂಡರ್‌ಪಾಸಿಗೆ ಪುಸ್ತಿಕೆಯೊಂದೇ ಸಾಲದು, ಮಳೆ ಕಚೇರಿಯ ಪಟ್ಟಿಯೊಂದಿಗೂ ತಾಳೆ ನೋಡಬೇಕೆಂಬ ನಿಯಮವಿತ್ತು.

"ಐವತ್ತು ವರ್ಷಕ್ಕೊಮ್ಮೆ ಅಂದ್ರೆ ಒಂದ್ಸಲ ಬಂದ್ಮೇಲೆ ನಲವತ್ತೊಂಬತ್ತು ವರ್ಷ ರಜ ಅಂತ ತಾನೆ?" ಎಂದು ಕಾಲೆಳೆದೆ.

"ನಿನ್ನ ತಲೆ. ಯಾವ ವರ್ಷ ಬೇಕಾದ್ರೂ ಬರಬಹುದು, ನೂರಕ್ಕೆ ಎರಡು ಪಾಲು. ಹೋದ ವರ್ಷ ಬಂದಿದ್ರೂ ಈ ವರ್ಷ ಮತ್ತೆ ಅಷ್ಟೇ ಪಾಲು. ಮಳೆಗೆ ನೆನಪಿರಲ್ಲ."

ಅವರು ಗೆರೆ ಹಾಳೆಯ ಮೇಲೆ ಮೂವತ್ತೊಂದು ಚುಕ್ಕಿ ಇಟ್ಟರು. ವರ್ಷಕ್ಕೊಂದು, ಚಿಕ್ಕದರಿಂದ ದೊಡ್ಡದಕ್ಕೆ. ನಡುವೆ ಒಂದು ಗೆರೆ ಎಳೆದು ಅದನ್ನು ಐವತ್ತು ವರ್ಷದ ಗುರುತಿನವರೆಗೆ ಮುಂದುವರಿಸಿದರು. ನಲವತ್ತೇಳು ಇರುವ ಪಟ್ಟಿಯಿಂದ ಗೆರೆ ಅರವತ್ತನಾಲ್ಕಕ್ಕೆ ಮುಟ್ಟಿತು. ಪುಸ್ತಿಕೆಯಲ್ಲಿದ್ದ ಸಂಖ್ಯೆಯೇ.

"ಈಗ ತೊಂಬತ್ತಮೂರು ಹಾಕಿದ್ರೆ ಎಪ್ಪತ್ತೊಂಬತ್ತು," ಎಂದರು.

"ಅತ್ತಿಗೆ, ಲೆಕ್ಕ ಇನ್ನೂ ಎರಡನೇ ಸಾಲಲ್ಲಿದೆ."

"ಮುಗಿಯುತ್ತೆ, ನೋಡ್ತಿರು."

ಹತ್ತು ನಿಮಿಷದ ಮೇಲೆ ಮುಗಿಯಿತು. ಎಪ್ಪತ್ತೊಂಬತ್ತು. ಬಾಯಿಲೆಕ್ಕದ ಜಂಬ ಇವರಿಗೆ ಈ ವಯಸ್ಸಿನಲ್ಲೂ ಹೋಗಿಲ್ಲವಲ್ಲ ಎಂದು ಒಳಗೊಳಗೇ ನಕ್ಕೆ.

ಈಗ ನನ್ನ ದಡ್ಡ ತಲೆಗೂ ಹೊಳೆಯಿತು. ತೊಂಬತ್ತಮೂರರ ಪಟ್ಟಿ ಎಂಟು ವರ್ಷದ ಹಿಂದೆಯೇ ಮಳೆ ಕಚೇರಿಯಲ್ಲಿದ್ದಿದ್ದರೆ, ಪುಸ್ತಿಕೆಯಲ್ಲಿ ಎಪ್ಪತ್ತೊಂಬತ್ತು ಅಚ್ಚಾಗಬೇಕಿತ್ತು. ಅರವತ್ತನಾಲ್ಕು ಅಚ್ಚಾಗಿದೆ ಎಂದರೆ ಅವರ ಕೈಯಲ್ಲಿ ಆಗ ಇದ್ದದ್ದೂ ನಲವತ್ತೇಳರ ಪಟ್ಟಿಯೇ. ಇನ್ನೊಂದು ಆಮೇಲೆ ಹುಟ್ಟಿದ್ದು, ಹಳೆಯ ತಾರೀಖು ಹೊತ್ತುಕೊಂಡು.

"ಗೆದ್ದೆವು ಅತ್ತಿಗೆ!"

ಅವರು ನಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದರು. "ಬೆಳಿಗ್ಗೆ ಮಳೆ ಗುಮಾಸ್ತರನ್ನ ಹೋಗಿ ನೋಡು. ಪೊಲೀಸ್ ಥರ ಗದರಬೇಡ. ಒಳ್ಳೇ ಮನುಷ್ಯ."

ಮನೆಗೆ ಬಂದು ವಿಚಾರಣೆಯ ನೋಟೀಸನ್ನು ಇನ್ನೊಮ್ಮೆ ಓದಿದೆ. ಹನ್ನೊಂದಕ್ಕೆ ಸರಿಯಾಗಿ ಹಾಜರಾಗತಕ್ಕದ್ದು. ವಿಚಾರಣೆ ನಡೆಸುವ ದೊಡ್ಡವರಿಗೆ ಒಂದು ವಿಚಿತ್ರ ಚಟ. ಸಹಿ ಮಾಡಿದ ಕಡೆಯಲ್ಲೆಲ್ಲ ಪಕ್ಕದಲ್ಲಿ ಗಂಟೆ, ನಿಮಿಷ ಬರೆದು ಅದರ ಸುತ್ತ ಒಂದು ಸೊನ್ನೆ ಸುತ್ತುತ್ತಾರೆ. ಈ ನೋಟೀಸಿಗೆ ೪.೧೦. ಮಳೆ ಕಚೇರಿಯ ಹಳೆಯ ಕಾಗದ ನೋಡಲು ನನಗೆ ಕೊಟ್ಟ ಅನುಮತಿ ಚೀಟಿಗೆ ೯.೦೫. ಹೊತ್ತಿನ ಬೆಲೆ ತಿಳಿದ ಮನುಷ್ಯ ಎಂದುಕೊಂಡು ದೀಪ ಆರಿಸಿದೆ.

*

ಕಚೇರಿಯಲ್ಲಿ ಎಲ್ಲರೂ ಮಳೆ ಗುಮಾಸ್ತರನ್ನು 'ಎಂಟೂವರೆ' ಎಂದೇ ಕರೆಯುತ್ತಾರೆ. ಬೆಳಿಗ್ಗೆ ಎಂಟು ಗಂಟೆ ಮೂವತ್ತು ನಿಮಿಷಕ್ಕೆ ಅವರು ಕಚೇರಿಯ ಹಿಂದಿನ ಬೇಲಿಯೊಳಗೆ ಮಳೆಮಾಪಕದ ಮುಂದೆ ನಿಂತಿರುತ್ತಾರೆ. ಮೂವತ್ತು ವರ್ಷದಲ್ಲಿ ಅದು ತಪ್ಪಿದ್ದು ತಮ್ಮ ಮದುವೆಯ ದಿನ ಮಾತ್ರವಂತೆ, ಅದೂ ಹೆಂಡತಿಯ ಜಗಳಕ್ಕೆ ಹೆದರಿ.

ನಾನು ಹೋದಾಗ ಆಕಾಶ ತಿಳಿಯಾಗಿತ್ತು. ಅವರು ಡಬ್ಬಿಯ ಬಾಗಿಲು ತೆಗೆದು, ಗಡಿಯಾರದ ಉರುಳೆಯನ್ನು ಹೊರಗೆಳೆದು, ಅದಕ್ಕೆ ಸುತ್ತಿದ್ದ ನಿನ್ನೆಯ ಹಾಳೆ ಬಿಚ್ಚುತ್ತಿದ್ದರು. ಮಳೆನೀರು ಒಳಗೆ ತುಂಬಿದ ಹಾಗೆ ಒಂದು ಮುಳ್ಳು ಆ ಹಾಳೆಯ ಮೇಲೆ ಶಾಯಿಯ ಗೆರೆ ಎಳೆಯುತ್ತ ಏರುತ್ತದೆ. ಹತ್ತು ಮಿಲಿಮೀಟರ್ ಆದೊಡನೆ ನೀರು ತಾನಾಗಿ ಖಾಲಿಯಾಗಿ ಮುಳ್ಳು ಧೊಪ್ಪನೆ ಕೆಳಗಿಳಿದು ಮತ್ತೆ ಏರತೊಡಗುತ್ತದೆ. ಎಷ್ಟು ಸಲ ಇಳಿಯಿತೆಂದು ಎಣಿಸಿದರೆ ಮಳೆ ತಿಳಿಯಿತು.

"ನಿನ್ನೆ ಏನೂ ಇಲ್ಲ ಸಾರ್. ನೆಟ್ಟಗೆ ಒಂದು ಗೆರೆ," ಎಂದು ತೋರಿಸಿದರು.

"ನಿಮ್ಮ ಪಟ್ಟೀಲಿ ಸರಾಸರಿ ತಪ್ಪಿದೆ," ಎಂದೆ.

ಹೊಸ ಹಾಳೆ ಸುತ್ತುತ್ತಿದ್ದ ಅವರ ಕೈ ನಿಂತಿತು. ಹೆದರುತ್ತಾರೆಂದು ನಾನು ಕಾದಿದ್ದೆ. ಅವರ ಮುಖದಲ್ಲಿ ಕಂಡದ್ದು ಬೇರೆ. ಬಹಳ ಹೊತ್ತು ಹೊತ್ತ ಮೂಟೆಯನ್ನು ಯಾರೋ ಒಂದು ಕಡೆ ಹಿಡಿದುಕೊಂಡ ಹಾಗೆ ಅವರ ಭುಜ ಸಡಿಲವಾಯಿತು.

"ಮೂರು ವಾರ ಆಯ್ತು ಸಾರ್. ವಕೀಲರು ನೋಡಿದ್ರು, ಅಧಿಕಾರಿಗಳು ನೋಡಿದ್ರು. ಒಬ್ಬರೂ ಕೂಡಿ ನೋಡ್ಲಿಲ್ಲ."

"ಅಂದ್ರೆ ನೀವು ಬೇಕಂತಲೇ..."

"ಸಾಲು ಬದಲಾಯಿಸಿ ಹೊಸದಾಗಿ ಟೈಪ್ ಮಾಡಿ ಅಂದ್ರು, ಮಾಡಿದೆ. ಹಳೇ ತಾರೀಖು ಹಾಕಿ ಅಂದ್ರು, ಹಾಕಿದೆ. ಸರಾಸರಿ ಬದಲಾಯಿಸಿ ಅಂತ ಯಾರೂ ಹೇಳ್ಲಿಲ್ಲ. ಹಾಗೇ ಬಿಟ್ಟೆ."

"ಹೇಳಿದ್ದು ಯಾರು?"

"ನನಗೆ ಇನ್ನು ಎಂಟೇ ತಿಂಗಳು ಸರ್ವೀಸು ಸಾರ್. ಅದೊಂದು ಕೇಳಬೇಡಿ."

ನನಗೆ ಸಿಟ್ಟು ಬಂತು. ಅತ್ತಿಗೆಯ ಮಾತು ಮರೆತು ಗದರಿದೆ. "ನಿಮ್ಮ ಎಂಟು ತಿಂಗಳಿಗೆ ಆ ಹುಡುಗಿ ಎಷ್ಟು ವರ್ಷ ಒಳಗಿರ್ಬೇಕು? ಇಲ್ಲದ ತೊಂಬತ್ತಮೂರನ್ನ ಸೃಷ್ಟಿಸಿ ಅವಳ ಕುತ್ತಿಗೆಗೆ ಕಟ್ಟಿದ್ದೀರಿ!"

"ಅದೇ ಗೋಳು ಸಾರ್," ಎಂದರು ಎಂಟೂವರೆ ಮೆಲ್ಲಗೆ. "ತೊಂಬತ್ತಮೂರು ಸುಳ್ಳಲ್ಲ. ಅದೇ ನಿಜ."

ನಾನು ಇಂಗು ತಿಂದ ಮಂಗನಂತೆ ನಿಂತೆ. ಅವರು ಮುಳ್ಳಿಗೆ ಶಾಯಿ ತುಂಬಿ, ಗಡಿಯಾರಕ್ಕೆ ಕೀಲಿ ಕೊಟ್ಟು, ಡಬ್ಬಿಗೆ ಬೀಗ ಹಾಕಿ, ಆಮೇಲೆ "ಬನ್ನಿ" ಎಂದರು. ಯಾರ ಜೈಲು ಯಾರ ಸರ್ವೀಸು ಏನೇ ಇರಲಿ, ಅವರ ಕೆಲಸದ ಕ್ರಮ ಬದಲಾಗುವ ಹಾಗಿರಲಿಲ್ಲ.

ದಾಖಲೆ ಕೋಣೆಯಲ್ಲಿ ಮಾಡಿನವರೆಗೆ ಕಪಾಟು. ವರ್ಷಕ್ಕೊಂದು ಕಟ್ಟು, ಕಟ್ಟಿನಲ್ಲಿ ದಿನಕ್ಕೊಂದು ಹಾಳೆ. ಅವರು ಏಣಿ ಹತ್ತಿ ಒಂದು ಕಟ್ಟು ಇಳಿಸಿ, ಹುಡುಕದೆಯೇ ಎರಡು ಹಾಳೆ ಎಳೆದರು. ಇಪ್ಪತ್ತೆಂಟು ವರ್ಷ ಹಳೆಯವು, ಅಂಚು ಹಳದಿಯಾಗಿತ್ತು.

"ನಮ್ಮಲ್ಲಿ ದಿನ ಅಂದ್ರೆ ಎಂಟೂವರೆಯಿಂದ ಎಂಟೂವರೆಗೆ. ಒಂದೊಂದು ಹಾಳೇನೂ ಬೇರೆಬೇರೆ ಓದಿ ಬರೀತೀವಿ. ಈ ಹಾಳೆಯ ಕೊನೆ ನೋಡಿ."

ನೋಡಿದೆ. ಬೆಳಿಗ್ಗೆ ಎಂಟು ಗಂಟೆಯವರೆಗೆ ಗೆರೆ ಸಪಾಟು. ಆಮೇಲೆ ಗರಗಸದ ಹಲ್ಲಿನಂತೆ ನಾಲ್ಕು ಸಲ ಏರಿ ನಾಲ್ಕು ಸಲ ಬಿದ್ದು, ಐದನೆಯ ಸಲ ಆರರ ಗೆರೆಯ ಮೇಲೆ ನಿಂತಿತ್ತು. ನಲವತ್ತಾರು. ಅಲ್ಲಿಗೆ ಹಾಳೆ ಮುಗಿದಿತ್ತು.

"ಈಗ ಮಾರನೇ ಹಾಳೆಯ ಮೊದಲು."

ಆರರಿಂದಲೇ ಶುರು. ಒಂಬತ್ತು ಗಂಟೆಯವರೆಗೆ ಅದೇ ಗರಗಸ, ಆಮೇಲೆ ಸಪಾಟು. ಎಣಿಸಿದೆ. ನಲವತ್ತೇಳು. ಎರಡು ಹಾಳೆಯ ಅಂಚನ್ನು ಜೋಡಿಸಿದರು. ಗೆರೆ ಎಲ್ಲೂ ಕಡಿಯದೆ ಒಂದು ಹಾಳೆಯಿಂದ ಇನ್ನೊಂದಕ್ಕೆ ನಡೆದುಹೋಯಿತು. ಎಂಟರಿಂದ ಒಂಬತ್ತು. ಒಂದೇ ಗಂಟೆ. ತೊಂಬತ್ತಮೂರು.

ಎರಡನೆಯ ಹಾಳೆಯ ಅಂಚಿನಲ್ಲಿ ಒದ್ದೆ ಹೆಬ್ಬೆರಳಿನ ಶಾಯಿ ಗುರುತಿತ್ತು.

"ನಂದೇ ಸಾರ್," ಎಂದರು. "ಆಗ ಕೆಲಸಕ್ಕೆ ಸೇರಿ ಎರಡನೇ ವರ್ಷ. ತಲೆ ಮೇಲೆ ಹಾಗೇ ಹುಯ್ತಾ ಇತ್ತು. ಎಂಟೂವರೆ ಆಯ್ತು ಅಂತ ಓಡಿಹೋಗಿ ಹಾಳೆ ಬದಲಾಯಿಸಿದೆ. ಒಂದೇ ಮಳೆಯನ್ನ ನನ್ನ ಕೈಯಾರೆ ಎರಡು ತುಂಡು ಮಾಡಿದೆ. ಹಳೇ ಹಾಳೇಲಿ ನಲವತ್ತಾರು ಬರೆದೆ, ಹೊಸದ್ರಲ್ಲಿ ನಲವತ್ತೇಳು. ವರ್ಷದ ಪಟ್ಟಿಗೆ ದೊಡ್ಡದನ್ನ ಎತ್ತಿ ಬರೆದೆ. ಮಳೇಲಿ ನೆನೆದವನು ನಾನೇ. ಆದ್ರೂ ಅದು ಒಂದೇ ಮಳೆ ಅಂತ ನನಗೆ ಹೊಳೀಲಿಲ್ಲ."

ಅವರ ಕಣ್ಣು ತುಂಬಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಒಳ್ಳೆಯ ಮನುಷ್ಯ ಎಂದಿದ್ದರಲ್ಲ ಅತ್ತಿಗೆ, ಸರಿಯಾಗಿಯೇ ಹೇಳಿದ್ದರು.

"ಯಾವಾಗ ಹೊಳೀತು?"

"ಎಂಟು ವರ್ಷದ ಹಿಂದೆ. ಪುಸ್ತಿಕೆಗೆ ಅಂತ ಹಳೇ ಹಾಳೆ ಎಲ್ಲ ಮತ್ತೆ ತಿರುವ್ತಾ ಇದ್ದೆ. ಆ ಆರರ ಗೆರೆ ಕಣ್ಣಿಗೆ ಬಿತ್ತು. ಅವತ್ತೇ ಕಾಗದ ಬರೆದೆ. ಪಟ್ಟಿ ಆಗಲೇ ಕಳಿಸಾಗಿತ್ತು. ಪುಸ್ತಿಕೆಗೆ ಗೆರೆ ಎಳೆದು ಕೊಡೋಕೆ ಹೊರಗಿನವರೊಬ್ಬರನ್ನ ಗೊತ್ತು ಮಾಡಿದ್ರು, ಅವರಿಗೆ. ಹನ್ನೆರಡನೇ ಸಾಲು ತೊಂಬತ್ತಮೂರು ಅಂತ ತಿದ್ದಿಕೊಳ್ಳಿ ಅಂತ. ತಲುಪಿದ್ದಕ್ಕೆ ಸಹಿ ಹಾಕಿಸ್ಕೊಂಡಿದ್ದೀನಿ."

ಅವರು ತಮ್ಮ ಮೇಜಿನ ಖಾನೆಯ ತಳದಿಂದ ಮಡಿಸಿದ ಕಾಗದ ತೆಗೆದು ಬಿಚ್ಚಿದರು. ಕೆಳಗೆ 'ತಲುಪಿದೆ' ಎಂದು ಬರೆದು ಒಂದು ಸಹಿ.

ಆ ಸಹಿಯ ಕೊನೆಯ ಅಕ್ಷರದ ಬಾಲ ಎರಡು ಸಲ ಸುತ್ತಿ ಹಿಂದಕ್ಕೆ ಬರುತ್ತದೆ. ನಮ್ಮ ಮನೆಯ ಪ್ರತಿ ಪುಸ್ತಕದ ಮೊದಲ ಪುಟದಲ್ಲಿದೆ ಅದು. ಅಣ್ಣನ ಆಸ್ಪತ್ರೆಯ ಕಾಗದಗಳ ಮೇಲೂ ಅದೇ ಇತ್ತು.

"ಗೊತ್ತಾ ಸಾರ್ ಅವರು?"

"ಗೊತ್ತು," ಎಂದೆ.

*

ಹತ್ತು ಗಂಟೆಗೆ ಅತ್ತಿಗೆಯ ಮನೆ ತಲುಪಿದೆ. ಅವರು ಹೊರಡಲು ಸಿದ್ಧರಾಗಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು.

ಗುಮಾಸ್ತರ ಕಾಗದವನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲೂ ಇಲ್ಲ.

"ಎರಡನೇ ಸಾಲಲ್ಲೇ ಎಪ್ಪತ್ತೊಂಬತ್ತು ಅಂದ್ರಲ್ಲ ನಿನ್ನೆ. ಬಾಯಿಲೆಕ್ಕ ಅಂದ್ಕೊಂಡಿದ್ದೆ," ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ಎಂಟು ವರ್ಷದ ಹಿಂದೇನೇ ಹಾಕಿದ್ದ ಲೆಕ್ಕ. ನೀನಾಗ ಬೇರೆ ಊರಲ್ಲಿದ್ದೆ."

"ಗೊತ್ತಿದ್ದೂ ಯಾಕೆ ಬಿಟ್ರಿ?"

"ಮೂವತ್ತು ಚುಕ್ಕಿ ಸಾಲಾಗಿ ನಿಂತಿದ್ವು. ಇದೊಂದು ಮಾತ್ರ ಎಲ್ಲೋ ಮೇಲೆ. ಪಾಪ, ಗುಮಾಸ್ತರು ಓದೋದ್ರಲ್ಲಿ ತಪ್ಪಿದ್ದಾರೆ ಅಂದ್ಕೊಂಡೆ. ಚುಕ್ಕಿ ಗೆರೆಗೆ ಹೊಂದಲಿಲ್ಲ ಅಂದ್ರೆ ಚುಕ್ಕೀನೇ ತಪ್ಪು ಅನ್ನೋ ಚಟ ನಮ್ಮಂಥವರಿಗೆ. ಹೋಗಿ ಆ ಎರಡು ಹಾಳೆ ನೋಡ್ಬೇಕಿತ್ತು. ಇಲ್ಲಿಂದ ಹತ್ತು ನಿಮಿಷದ ದಾರಿ ಕಣೋ. ಹೋಗ್ಲಿಲ್ಲ."

ಹೋದ ತಿಂಗಳು ಸುರಿದದ್ದು ಎಪ್ಪತ್ತಾರು. ಎಪ್ಪತ್ತೊಂಬತ್ತಕ್ಕೆ ಪಂಪು ಹಾಕಿದ್ದರೆ ನೀರು ಅಷ್ಟು ಏರುತ್ತಿರಲಿಲ್ಲ, ಪಂಪಿನವನು ಒದ್ದೆ ಬಟ್ಟೆಯಲ್ಲಿ ಬೈದುಕೊಳ್ಳುತ್ತ ಮನೆಗೆ ಹೋಗುತ್ತಿದ್ದ. ಆ ಲೆಕ್ಕ ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ತಿಂಗಳಿಂದ ಅವರು ಅದನ್ನೇ ಹಾಕುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

"ನೇರವಾಗಿ ಹೇಳಬಾರದಿತ್ತಾ?"

"ಹೇಳೋಕೆ ಬಾಯಿ ಬರ್ಲಿಲ್ಲ. ನೀನೇ ಅಲ್ಲಿಗೆ ಹೋಗಿ ಮುಟ್ಟಲಿ ಅಂತ ದಾರಿ ತೋರಿಸ್ದೆ." ಅವರು ಚೀಲ ತೆರೆದರು. "ಇವತ್ತು ನಾನೂ ಬರ್ತೀನಿ. ಎಲ್ಲರ ಮುಂದೆ ಹೇಳ್ತೀನಿ. ಆದ್ರೆ ಮೊದಲು ಇದನ್ನ ನೋಡು. ನಾನು ಚುಕ್ಕಿ ಬಿಟ್ಟಿದ್ದು ನಿಜ, ಮುಚ್ಚಿಟ್ಟಿಲ್ಲ."

ಅವರೇ ಕೈಯಿಂದ ಬರೆದ ಪುಟ. 'ಹನ್ನೆರಡನೆಯ ವರ್ಷಕ್ಕೆ ನಲವತ್ತೇಳನ್ನೇ ಇಟ್ಟರೆ ೬೪, ತೊಂಬತ್ತಮೂರು ಹಾಕಿದರೆ ೭೯. ಸದ್ಯಕ್ಕೆ ತೊಂಬತ್ತಮೂರನ್ನು ಬಿಟ್ಟಿದ್ದೇನೆ. ಮೂಲ ಹಾಳೆಗಳನ್ನು ಪರಿಶೀಲಿಸದೆ ಪುಸ್ತಿಕೆಯನ್ನು ಅಚ್ಚಿಗೆ ಕೊಡಕೂಡದು.'

ಕೆಳಗೆ ಬೇರೆಯವರ ಕೈಬರಹ. 'ನೋಡಿದೆ.' ಒಂದು ಚಿಕ್ಕ ಸಹಿ. ಅದರ ಪಕ್ಕದಲ್ಲಿ ೩.೨೫, ಸುತ್ತ ಒಂದು ಸೊನ್ನೆ.

ಜೇಬಿನಿಂದ ವಿಚಾರಣೆಯ ನೋಟೀಸು ತೆಗೆದು ಪಕ್ಕದಲ್ಲಿಟ್ಟೆ. ೪.೧೦, ಸುತ್ತ ಒಂದು ಸೊನ್ನೆ.

"ಆಗ ಮಳೆ ಕಚೇರಿಗೆ ಮುಖ್ಯಸ್ಥರು ಇರ್ಲಿಲ್ಲ," ಎಂದರು ಅತ್ತಿಗೆ. "ಆರು ತಿಂಗಳು ಇವರೇ ಹೆಚ್ಚುವರಿಯಾಗಿ ನೋಡ್ಕೊಂಡ್ರು. ಪುಸ್ತಿಕೆ ಬೇಗ ಬರ್ಬೇಕು ಅಂತ ಅವಸರ. ಅದು ಈಗ ಯಾರಿಗೂ ನೆನಪಿಲ್ಲ."

ಎಂಟೂವರೆಯವರಿಗೆ ಹೊಸ ಪಟ್ಟಿ ಟೈಪ್ ಮಾಡಲು ಹೇಳಿದವರು ಯಾರೆಂದು ಇನ್ನು ಕೇಳಬೇಕಾಗಿರಲಿಲ್ಲ. ಹಾಳೆ ನೋಡದೆ ಅಚ್ಚು ಹಾಕಿಸಿದ ತಮ್ಮ ತಪ್ಪು ಹೊರಬೀಳುವ ಮೊದಲೇ, ಕಚೇರಿಯ ಪಟ್ಟಿ ಮೊದಲಿನಿಂದಲೂ ಸರಿಯಿತ್ತು, ತಿದ್ದಿದ್ದು ಹುಡುಗಿ ಎಂದು ಕಾಣಿಸಬೇಕಿತ್ತು ಅವರಿಗೆ.

"ಇದಕ್ಕೆ ಇನ್ನೊಂದು ಪ್ರತಿ?"

"ಇಲ್ಲ. ಸಹಿ ಹಾಕಿ ವಾಪಸ್ ಕೊಟ್ಟಿದ್ದು ಇದೊಂದೇ. ನಾನಿದನ್ನ ಇನ್ನೂ ಇಟ್ಕೊಂಡಿದ್ದೀನಿ ಅನ್ನೋದು ಗುಮಾಸ್ತರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ, ಸಹಿ ಹಾಕಿದವರಿಗೂ."

ಕಾಗದವನ್ನು ಮಡಿಸಿ ಒಳಜೇಬಿಗೆ ಸೇರಿಸಿದೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಹೊಲಿಗೆಯಮ್ಮ ಮಗಳ ಕೈ ಹಿಡಿದು ನಿಂತಿದ್ದಳು. ಹುಡುಗಿಗೆ ತಿಂಗಳಿಂದ ನಿದ್ದೆಯಿಲ್ಲ, ಮುಖ ಬಾಡಿತ್ತು. ಇವತ್ತು ಮಾತ್ರ ಅದರಲ್ಲಿ ಒಂದಿಷ್ಟು ಗೆಲುವಿತ್ತು.

"ಸಿಕ್ತಂತಲ್ಲ ಅಂಕಲ್!" ಎಂದಳು. "ಈಗ ತಾನೇ ದೊಡ್ಡವರೇ ಫೋನ್ ಮಾಡಿದ್ರು. ಎಷ್ಟು ಸಮಾಧಾನವಾಗಿ ಮಾತಾಡಿದ್ರು ಗೊತ್ತಾ? ನಿಮ್ಮ ಹತ್ರ ಯಾವುದೋ ಹಳೇ ಕಾಗದ ಇದೆಯಂತೆ. ವಿಚಾರಣೆ ಶುರುವಾಗೋಕೆ ಮುಂಚೆ, ಹತ್ತೂ ಮುಕ್ಕಾಲಿಗೆ, ಅವರ ಕೋಣೆಗೆ ತಂದುಕೊಡ್ಬೇಕಂತೆ. ಮೂಲ ಪ್ರತೀನೇ."